ಧೈರ್ಯ ತುಂಬುವುದನ್ನು ನಿಲ್ಲಿಸಿದ ಮೇಲೆ

ಧಾರವಾಡದ ಸಪ್ತಾಪುರದಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾನು ಆಪ್ತಸಮಾಲೋಚನೆ ನಡೆಸುತ್ತ ಬಂದು 14 ವರ್ಷಗಳಾದವು. ಎದುರಿಗೆ ಖಾನಾವಳಿ ಇದೆ. ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳು, ಪಿಜಿಗಳು, ಒಂದು ಕುರ್ಚಿ, ಒಂದು ಮೇಜು ಮತ್ತು ಒಂದು ದೀಪವನ್ನು ತಿಂಗಳ ಬಾಡಿಗೆಗೆ ಕೊಡುವ ಓದುವ ಕೋಣೆಗಳು ಇವೆ. ಹಾವೇರಿ, ಗದಗ, ಕೊಪ್ಪಳ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಇಲ್ಲಿ ವರ್ಷಗಟ್ಟಲೆ ಕುಳಿತು ಓದುತ್ತಾರೆ. ನನ್ನಲ್ಲಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವರೇ. ಉಳಿದವರು ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಬರುವ ಗೃಹಿಣಿಯರು, ನೌಕರರು, ಶಿಕ್ಷಕರು. ಬಂದವರ ಜೊತೆಗೆ ತಾಯಿಯೋ ಅಣ್ಣನೋ ಇದ್ದರೆ ಬಾಗಿಲಲ್ಲಿಯೇ ಒಂದು ಮಾತು ಕೇಳಿಬರುತ್ತದೆ: "ಇವಂಗ ಸ್ವಲ್ಪ ಧೈರ್ಯ ತುಂಬ್ರಿ ಮೇಡಂ." ಧೈರ್ಯವೆಂಬುದು ನನ್ನ ಕೊಡದಲ್ಲಿದೆ, ಅವನ ಕೊಡ ಬರಿದಾಗಿದೆ, ಬಗ್ಗಿಸಿ ಸುರಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಆ ಕ್ರಿಯಾಪದದೊಳಗೇ ಅಡಗಿದೆ. ಮೊದಲ ಮೂರು ವರ್ಷ ನಾನೂ ಸುರಿದೆ.

ಹಾಗೆ ಸುರಿದದ್ದು ಎಲ್ಲಿಗೆ ಹೋಯಿತೆಂಬುದನ್ನು ನನಗೆ ತಿಳಿಸಿದವಳು ಬಿ.ಎಡ್. ಓದುತ್ತಿದ್ದ ಒಬ್ಬ ಹುಡುಗಿ. ಪಾಠಾಭ್ಯಾಸದ ದಿನ ತರಗತಿಯ ಮುಂದೆ ನಿಲ್ಲಲು ಅವಳಿಗೆ ಆಗುತ್ತಿರಲಿಲ್ಲ. ನಾನು ಅವಳ ಅಂಕಪಟ್ಟಿ ನೋಡಿ ಹೊಗಳಿದೆ, ಅಕ್ಷರ ನೋಡಿ ಹೊಗಳಿದೆ, ಇಷ್ಟು ಚೆನ್ನಾಗಿ ಮಾತನಾಡುವವಳಿಗೆ ಭಯವೇಕೆ ಎಂದು ಕೇಳಿದೆ. ಪ್ರತಿ ಸಲವೂ ಅವಳು ನಗುತ್ತ ತಲೆಯಾಡಿಸಿ ಹೋಗುತ್ತಿದ್ದಳು. ನಾಲ್ಕನೆಯ ಭೇಟಿಗೆ ಬರಲಿಲ್ಲ, ಗುಣವಾಯಿತೆಂದು ನಾನು ಭಾವಿಸಿದೆ. ಎಂಟು ತಿಂಗಳ ನಂತರ ಲೈನ್ ಬಜಾರಿನಲ್ಲಿ ತಾನಾಗಿಯೇ ಹತ್ತಿರ ಬಂದು ಮಾತನಾಡಿಸಿದಾಗ, ಬಿ.ಎಡ್. ಬಿಟ್ಟಿರುವುದಾಗಿ ಹೇಳಿ, ನನ್ನ ಮುಖ ಬಾಡಿದ್ದನ್ನು ಕಂಡು ಸಮಾಧಾನ ಮಾಡುವವಳ ಹಾಗೆ ಮಾತು ಸೇರಿಸಿದಳು: "ನಿಮ್ಮದೇನೂ ತಪ್ಪಿಲ್ರಿ. ನೀವು ಹೊಗಳಿದಾಗೆಲ್ಲ ನನಗ ಇನ್ನಷ್ಟು ಅಂಜಿಕಿ ಆಗ್ತಿತ್ತು. ಇವರಿಗೂ ಮೋಸ ಮಾಡೇನಿ, ಖರೇ ಗೊತ್ತಾದ ದಿನ ಏನ ಅಂತಾರೋ ಅನಸ್ತಿತ್ತು." ತನ್ನ ಬಗ್ಗೆ ಕೀಳು ಅಭಿಪ್ರಾಯ ಇಟ್ಟುಕೊಂಡವರಿಗೆ ಹೊಗಳಿಕೆಯೆಂಬುದು ತೀರಿಸಲಾಗದ ಸಾಲದಂತೆ ಕಾಣುತ್ತದೆ ಎಂದು ನಾನು ಕಲಿತದ್ದು ಹೀಗೆ, ಒಬ್ಬ ಹುಡುಗಿಯ ಒಂದು ವರ್ಷದ ಬೆಲೆ ತೆತ್ತು.

ನಿಜವಾಗಿ ನನಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ರೋಣ ತಾಲೂಕಿನ ಹಳ್ಳಿಯಿಂದ ಬಂದು, ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಎಂ.ಎ.ಗೆ ಸೇರಿದ ನಾನು, ಮೊದಲ ಇಂಗ್ಲಿಷ್ ಸೆಮಿನಾರಿನ ದಿನ ಗುಡ್ಡ ಇಳಿದು, ಗದಗಿನ ಬಸ್ಸು ಹತ್ತಿ ಊರಿಗೆ ಓಡಿಹೋದವಳು. ಮನೆಯವರೆಲ್ಲ ಧೈರ್ಯ ತುಂಬಿ ವಾಪಸು ಕಳಿಸಿದರು. ಅದು ಹುಬ್ಬಳ್ಳಿಯವರೆಗೂ ಬರಲಿಲ್ಲ. ಆಗ ಆಪ್ತಸಮಾಲೋಚನೆ ಮಾಡುತ್ತಿದ್ದ ಹಿರಿಯರೊಬ್ಬರ ಬಳಿ ಹೋದೆ. ಅವರು ನನ್ನನ್ನು ಹೊಗಳಲೂ ಇಲ್ಲ, ಗದರಲೂ ಇಲ್ಲ. "ಆ ದಿನ ನಿಂತಿದ್ದರೆ ಏನಾಗುತ್ತಿತ್ತು? ನಿಮಿಷ ನಿಮಿಷದ್ದು ಹೇಳು" ಎಂದರು. ಮೊದಲ ವಾಕ್ಯ ತಪ್ಪುತ್ತದೆ, ಮುಂದಿನ ಸಾಲಿನ ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಸರ್ ತಲೆ ತಗ್ಗಿಸುತ್ತಾರೆ, ಇವಳಿಗೆ ಸೀಟು ಸಿಕ್ಕದ್ದೇ ಅದೃಷ್ಟವೆಂದು ಎಲ್ಲರಿಗೂ ತಿಳಿಯುತ್ತದೆ ಎಂದೆಲ್ಲ ಹೇಳಿದೆ. ಅವರು ಅದನ್ನು ಹಾಗೆಯೇ ಕಾಗದದ ಮೇಲೆ ಬರೆದು, "ಇದು ಆಗಿದ್ದಲ್ಲ, ನೀನು ಮುಂಚಿತವಾಗಿ ಬರೆದ ವರದಿ, ನಿಜವಾದ ವರದಿ ತಂದುಕೊಡು" ಎಂದು ನನ್ನ ಕೈಗಿತ್ತರು. ಮೂರು ವಾರಗಳ ಮೇಲೆ ಸೆಮಿನಾರು ಕೊಟ್ಟೆ. ನಾನೇ ಎಣಿಸಿದಂತೆ ಐದು ವಾಕ್ಯಗಳು ತಪ್ಪಿದ್ದವು. ಮುಂದಿನ ಸಾಲಿನ ಇಬ್ಬರಲ್ಲಿ ಒಬ್ಬಳು ನಿದ್ದೆ ಮಾಡುತ್ತಿದ್ದಳು, ಇನ್ನೊಬ್ಬಳು ಮುಗಿದ ಮೇಲೆ ಬಂದು ಟಿಪ್ಪಣಿ ಕೇಳಿದಳು. ಇಷ್ಟೆಲ್ಲ ಸ್ವಂತಕ್ಕೆ ನಡೆದಿದ್ದರೂ, ಸಮಾಲೋಚಕಿಯ ಕುರ್ಚಿಯಲ್ಲಿ ಕುಳಿತಾಗ ಹೊಗಳುವುದೇ ದಯೆಯೆಂದು ತೋರಿತು. ಆ ಕುರ್ಚಿ ಅಂಥದ್ದು.

ಕೆಲಸದ ರೀತಿಯನ್ನು ಹೇಳುವ ಮೊದಲು ಪದಗಳ ಮಾತು ಸ್ವಲ್ಪ ಆಡಬೇಕು. ಬರುವವರು ಹೇಳುವುದು "ಕಾನ್ಫಿಡೆನ್ಸ್ ಇಲ್ರಿ" ಎಂದು. ಸ್ವಲ್ಪ ಓದಿದವರು ಕೀಳರಿಮೆ ಎನ್ನುತ್ತಾರೆ. ಇದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ಆತ್ಮವಿಶ್ವಾಸ, ಅಂದರೆ ಈ ನಿರ್ದಿಷ್ಟ ಕೆಲಸ ನನ್ನಿಂದ ಆಗುತ್ತದೆ ಎಂಬ ನಂಬಿಕೆ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದರ ಬಗ್ಗೆ ಬರೆದಾಗ, ಇದರ ಮೂಲಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ದಕ್ಕಿಸಿಕೊಂಡ ಅನುಭವ, ಬೇರೆಯವರ ಬಾಯಿಮಾತಿನ ಉತ್ತೇಜನ ಅದಕ್ಕಿಂತ ಬಹಳ ದುರ್ಬಲ ಎಂದು ಹೇಳಿದರು. ಇನ್ನೊಂದು ಆತ್ಮಗೌರವ, ಅಂದರೆ ಕೆಲಸ ಆಗಲಿ ಬಿಡಲಿ ನಾನು ಮನುಷ್ಯನಾಗಿ ಬೆಲೆಯುಳ್ಳವನು ಎಂಬ ಭಾವ. ಮೊದಲನೆಯದು ಇದ್ದು ಎರಡನೆಯದು ಇಲ್ಲದವರನ್ನು ನಾನು ಬಹಳ ನೋಡಿದ್ದೇನೆ: ಚಿನ್ನದ ಪದಕ ಪಡೆದ ಉಪನ್ಯಾಸಕರು, ತಾಲೂಕಿಗೇ ಹೆಸರಾದ ಕಸಬುದಾರರು. ಮಾಡುವುದರಲ್ಲಿ ಅವರು ಗಟ್ಟಿಗರು, ಆದರೆ ಒಂದು ದಿನ ಕೆಲಸ ಕೆಟ್ಟರೆ ತಾವೇ ಕೆಟ್ಟವರಾಗುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿಯೇ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದಿದ್ದರು, ಮೇಲೆ ಪಡೆದ ಯಶಸ್ಸು, ಕೆಳಗೆ ಇಟ್ಟುಕೊಂಡ ನಿರೀಕ್ಷೆ. ಸಪ್ತಾಪುರದಲ್ಲಿ ಕೆಳಗಿನ ಸಂಖ್ಯೆ ವರ್ಷ ವರ್ಷವೂ ದೊಡ್ಡದಾಗುತ್ತ ಹೋಗುತ್ತದೆ, ಮೇಲಿನದು ಫಲಿತಾಂಶದ ಪಟ್ಟಿಗಾಗಿ ಕಾಯುತ್ತ ಕೂತಿರುತ್ತದೆ.

ನಾನು ಹೆಚ್ಚಾಗಿ ಅನುಸರಿಸುವುದು ಬ್ರಿಟನ್ನಿನ ಮನಃಶಾಸ್ತ್ರಜ್ಞೆ ಮೆಲನಿ ಫೆನೆಲ್ 1997ರಲ್ಲಿ ವಿವರಿಸಿದ ಕ್ರಮವನ್ನು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಆರಂಭಿಸಿದ, ಯೋಚನೆಗಳನ್ನು ಪರೀಕ್ಷಿಸಿ ತಿದ್ದುವ ಚಿಂತನಾ ಚಿಕಿತ್ಸೆಯ (ಕಾಗ್ನಿಟಿವ್ ಥೆರಪಿ) ದಾರಿಯಲ್ಲಿಯೇ ಅದು ಬೆಳೆದದ್ದು. ಅದರ ತಿರುಳನ್ನು ನಾನು ಎರಡು ಕನ್ನಡ ಪದಗಳಲ್ಲಿ ಹೇಳುತ್ತೇನೆ: ತೀರ್ಪು ಮತ್ತು ಕಟ್ಟಳೆ. ಬಾಲ್ಯದಲ್ಲಿ ಕೇಳಿದ, ಕಂಡ, ಅನುಭವಿಸಿದ ಸಂಗತಿಗಳಿಂದ ಮನುಷ್ಯ ತನ್ನ ಬಗ್ಗೆ ಒಂದು ತೀರ್ಪು ಬರೆದುಕೊಂಡಿರುತ್ತಾನೆ. ಆ ತೀರ್ಪಿನೊಡನೆ ಬದುಕುವುದು ಕಷ್ಟವಾದ್ದರಿಂದ ಅದು ಬಯಲಾಗದಂತೆ ಕೆಲವು ಕಟ್ಟಳೆಗಳನ್ನು ಹಾಕಿಕೊಳ್ಳುತ್ತಾನೆ. "ನಾನು ದಡ್ಡ" ಎಂಬುದು ತೀರ್ಪಾದರೆ, "ಗೊತ್ತಿಲ್ಲದ್ದನ್ನು ಯಾರಿಗೂ ಕೇಳಬಾರದು" ಎಂಬುದು ಕಟ್ಟಳೆ. ಕಟ್ಟಳೆಯನ್ನು ಪಾಲಿಸುತ್ತಿರುವವರೆಗೆ ದಿನ ಸಾಗುತ್ತದೆ, ಆದರೆ ತೀರ್ಪು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಅವಕಾಶ ಒಂದು ಸಲವೂ ಬರುವುದಿಲ್ಲ. ನನ್ನ ಕೆಲಸವೆಲ್ಲ ಇರುವುದು ಈ ಅವಕಾಶವನ್ನು ಒದಗಿಸುವುದರಲ್ಲಿ.

ಈ ತೀರ್ಪನ್ನು ಹುಡುಕುವಾಗ ನಾನು ಗಮನಿಸಿದ ಒಂದು ವಿಚಾರವಿದೆ. ಜನರು ತಮ್ಮ ಸಮಸ್ಯೆಯನ್ನು ನನ್ನೆದುರು ಗ್ರಾಂಥಿಕ ಕನ್ನಡದಲ್ಲೋ ಇಂಗ್ಲಿಷ್ ಬೆರೆಸಿದ ಕನ್ನಡದಲ್ಲೋ ಹೇಳುತ್ತಾರೆ, ಆದರೆ ತಮ್ಮನ್ನು ತಾವು ಬೈದುಕೊಳ್ಳುವುದು ಮನೆಯ ಮಾತಿನಲ್ಲಿ. "ನನಗೆ ಇನ್‌ಫೀರಿಯಾರಿಟಿ ಕಾಂಪ್ಲೆಕ್ಸ್ ಇದೆ" ಎಂದವನಿಗೆ, ಒಬ್ಬನೇ ಇದ್ದಾಗ ತಲೆಯಲ್ಲಿ ಬರುವ ಮಾತನ್ನು ಬಂದ ಹಾಗೆಯೇ ಹೇಳು ಎಂದರೆ, ಬಹಳ ಹೊತ್ತು ಸುಮ್ಮನಿದ್ದು, "ಕೈಲಾಗದಂವ" ಎನ್ನುತ್ತಾನೆ. ಆ ಮಾತು ಯಾರ ಧ್ವನಿಯಲ್ಲಿ ಕೇಳಿಸುತ್ತದೆ ಎಂದು ಆಗ ಕೇಳುತ್ತೇನೆ. ದೊಡ್ಡಪ್ಪ, ಐದನೆಯ ಇಯತ್ತೆಯ ಮಾಸ್ತರು, ಸೋದರತ್ತೆ, ಹೀಗೆ ಯಾರೋ ಒಬ್ಬರು ಬರುತ್ತಾರೆ. ಇಪ್ಪತ್ತು ವರ್ಷ ಸ್ವಂತದ್ದೆಂದು ತಿಳಿದಿದ್ದ ಮಾತಿಗೆ ಬೇರೆ ಒಡೆಯರಿದ್ದಾರೆಂದು ತಿಳಿಯುವ ಆ ಗಳಿಗೆಯನ್ನು ನಾನು ಅವಸರದಿಂದ ದಾಟಿಸುವುದಿಲ್ಲ. ಎಲ್ಲ ತೀರ್ಪುಗಳೂ ಮನೆಯಲ್ಲಿ ಹುಟ್ಟಿದವಲ್ಲ ಎಂಬುದನ್ನೂ ಹೇಳಬೇಕು. ಜಾತಿಯ ಕಾರಣಕ್ಕೆ ದೂರ ಕೂಡಿಸಿಕೊಂಡವರು, ಮೈಬಣ್ಣದ ಕಾರಣಕ್ಕೆ ನಾಲ್ಕು ಸಲ ವರನ ಕಡೆಯವರಿಂದ ಬೇಡವೆನಿಸಿಕೊಂಡವರು ನನ್ನಲ್ಲಿಗೆ ಬರುತ್ತಾರೆ. ಅವರಿಗೆ "ನಿಮ್ಮ ಯೋಚನೆ ಬದಲಿಸಿಕೊಳ್ಳಿ" ಎಂದು ಹೇಳುವುದು ಅನ್ಯಾಯ. ಅಲ್ಲಿ ನಡೆದದ್ದನ್ನು ನಡೆದದ್ದೆಂದು ಒಪ್ಪಿ, ತಪ್ಪು ಮಾಡಿದವರ ಹೆಸರಿಗೇ ತಪ್ಪನ್ನು ಬರೆದು, ಆಮೇಲೆ ಮುಂದಿನ ಮಾತು.

ಮೊದಲ ಎರಡು ಭೇಟಿಗಳು ಕೇಳುವುದರಲ್ಲಿ ಕಳೆಯುತ್ತವೆ. ಮಾರಿಸ್ ರೋಸನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಹತ್ತು ವಾಕ್ಯಗಳ ಆತ್ಮಗೌರವದ ಮಾಪನವನ್ನು ಮೊದಲ ಭೇಟಿಯಲ್ಲಿ ಮತ್ತು ಆರನೆಯದರಲ್ಲಿ ತುಂಬಿಸುತ್ತೇನೆ. ಅಂಕಿಗಿಂತ ನನಗೆ ಬೇಕಾಗಿರುವುದು, ಯಾವ ವಾಕ್ಯದ ಮುಂದೆ ಪೆನ್ನು ನಿಲ್ಲುತ್ತದೆ ಎಂಬುದು. ಇದರ ಜೊತೆಗೆ ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ತಪ್ಪದೆ ಕೇಳುತ್ತೇನೆ, ಏಕೆಂದರೆ ತಾನು ಯಾವುದಕ್ಕೂ ಬಾರದವನು ಎಂಬ ಭಾವ ಎಷ್ಟೋ ಸಲ ಖಿನ್ನತೆಯ ಲಕ್ಷಣವೇ ಆಗಿರುತ್ತದೆ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಆಸಕ್ತಿ ಎಲ್ಲ ಕೆಟ್ಟಿದ್ದರೆ, ಸಾಯುವ ಯೋಚನೆ ಇದ್ದರೆ, ಮಾತಿನ ಚಿಕಿತ್ಸೆಯೊಂದನ್ನೇ ನೆಚ್ಚಿ ಕೂರುವುದು ಅಪಾಯ. ಔಷಧ ಬರೆಯುವ ಅಧಿಕಾರ ಸಮಾಲೋಚಕರಿಗಿಲ್ಲ. ಅಂಥವರನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸಿನ ಮನೋವೈದ್ಯರ ಬಳಿಗೆ ಕಳಿಸಿ, ಅವರ ಚಿಕಿತ್ಸೆಯ ಜೊತೆಯಲ್ಲಿ ನನ್ನ ಕೆಲಸ ಮುಂದುವರಿಸುತ್ತೇನೆ. ರಾತ್ರಿ ಹೊತ್ತಿನಲ್ಲಿ ಕಷ್ಟವಾದರೆ ಕರೆ ಮಾಡಲೆಂದು 14416 ಎಂಬ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರಿಗೂ ಬರೆದುಕೊಡುತ್ತೇನೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಸೇವೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಮಾತಿನ ಗುಟ್ಟಿನ ಬಗ್ಗೆಯೂ ಮೊದಲ ದಿನವೇ ಸ್ಪಷ್ಟಪಡಿಸುತ್ತೇನೆ. ಪ್ರಾಣಕ್ಕೆ ಅಪಾಯವಿದ್ದರೆ ಹೊರತು ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ, ಫೀ ಕೊಟ್ಟ ಅಣ್ಣನಿಗೂ ಹೇಳುವುದಿಲ್ಲ. ಅಣ್ಣಂದಿರಿಗೆ ಇದು ಅಷ್ಟಾಗಿ ಸೇರುವುದಿಲ್ಲ.

ಇಬ್ಬರ ಕೆಲಸವನ್ನು ಹತ್ತಿರದಿಂದ ಹೇಳುತ್ತೇನೆ. ಇಬ್ಬರ ಒಪ್ಪಿಗೆಯೂ ಇದೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೊದಲನೆಯವನು ಸವಣೂರ ಕಡೆಯ 27 ವರ್ಷದ ತರುಣ. ತಂದೆಗೆ ಮೂರು ಎಕರೆ ಗೋವಿನಜೋಳದ ಹೊಲ. ಪಿಎಸ್‌ಐ (ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್) ಪರೀಕ್ಷೆಗೆಂದು ಬಂದು ನಾಲ್ಕು ವರ್ಷ ಕಳೆದಿದ್ದವು. ಖಾನಾವಳಿಯಲ್ಲಿ ಗದ್ದಲ ಮುಗಿದ ಮೇಲೆ, ಎರಡೂವರೆಗೆ, ಆರಿದ ರೊಟ್ಟಿ ಉಣ್ಣುತ್ತಿದ್ದ. ತರಗತಿಯಲ್ಲಿ ಕೊನೆಯ ಸಾಲು. ರವಿವಾರ ತಾಯಿಯ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಅವನ ತೀರ್ಪು, ಅವನದೇ ಮಾತಿನಲ್ಲಿ: "ಅಪ್ಪನ ರೊಕ್ಕ ಹಾಳ ಮಾಡಾಂವ." ಕಟ್ಟಳೆಗಳು ಎರಡು. ನೌಕರಿ ಸಿಗುವವರೆಗೆ ಊರಿಗೆ ಮುಖ ತೋರಿಸಬಾರದು. ತರಗತಿಯಲ್ಲಿ ಬಾಯಿ ತೆರೆಯಬಾರದು.

ಮೂರನೆಯ ಭೇಟಿಯಲ್ಲಿ ಕಾಗದದ ಮೇಲೆ ಒಂದು ದೊಡ್ಡ ವೃತ್ತ ಬರೆಸಿದೆ. ಇದು ಚಿಂತನಾ ಚಿಕಿತ್ಸೆಯಲ್ಲಿ ಎಲ್ಲರೂ ಬಳಸುವ ಹೊಣೆಗಾರಿಕೆಯ ಚಿತ್ರ. ನಾನು ಇದನ್ನು ರೊಟ್ಟಿ ಎನ್ನುತ್ತೇನೆ. "ನಾಲ್ಕು ವರ್ಷ ನೌಕರಿ ಸಿಗದೆ ಇರುವುದಕ್ಕೆ ಏನೇನು ಕಾರಣವೋ ಅವಕ್ಕೆಲ್ಲ ಪಾಲು ಹಂಚು. ನಿನ್ನ ಪಾಲನ್ನು ಕೊನೆಗೆ ಹಾಕು" ಎಂದೆ. ಕೊನೆಗೆ ಹಾಕಬೇಕೆಂಬ ನಿಯಮ ಮುಖ್ಯ, ಇಲ್ಲವಾದರೆ ಮೊದಲೇ ರೊಟ್ಟಿ ಪೂರ್ತಿ ಅವನ ಎಲೆಗೆ ಬೀಳುತ್ತದೆ. ಪೆನ್ನು ಬಹಳ ಹೊತ್ತು ಕದಲಲಿಲ್ಲ. ಆಮೇಲೆ ಅವನು ಬರೆದ ಮೊದಲ ಪಾಲು, ರದ್ದಾದ ಪರೀಕ್ಷೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯನ್ನು ಅಕ್ರಮದ ಕಾರಣಕ್ಕೆ ಸರ್ಕಾರ 2022ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ಎರಡು ವರ್ಷಕ್ಕೂ ಮೀರಿದ ಕಾಯುವಿಕೆಯನ್ನು ಈ ಓಣಿಗಳ ಸಾವಿರಾರು ಮಕ್ಕಳು ಅನುಭವಿಸಿದರು. ಎಲ್ಲರಿಗೂ ಗೊತ್ತಿದ್ದ ಈ ಸಂಗತಿಯನ್ನು ಅವನು ತನ್ನ ಲೆಕ್ಕದಲ್ಲಿ "ನಾನು ಹಾಳು ಮಾಡಿದ ವರ್ಷಗಳು" ಎಂದು ಬರೆದುಕೊಂಡಿದ್ದ. ಮುಂದಿನ ಪಾಲು ಒಂದೊಂದು ಹುದ್ದೆಗೆ ಬೀಳುವ ಅರ್ಜಿಗಳ ರಾಶಿಗೆ ಹೋಯಿತು, ಇನ್ನೊಂದು ಪ್ರತಿ ವರ್ಷ ಸುಗ್ಗಿಯ ಕಾಲಕ್ಕೆ ಊರಲ್ಲಿ ದುಡಿಯಲೇಬೇಕಾದ ತಿಂಗಳಿಗೆ ಹೋಯಿತು. ಕೊನೆಗೆ ಅವನಿಗೆ ಉಳಿದದ್ದು ಮೂರರಲ್ಲಿ ಒಂದು ಪಾಲು: ಗಣಿತ ಕಚ್ಚಾ ಇದ್ದೂ ಯಾರನ್ನೂ ಕೇಳದೆ ಇದ್ದದ್ದು. ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಪೂರಾ ನಂದs ಅಂತ ತಿಳಕೊಂಡಿದ್ನಿರಿ" ಎಂದ. ಅವನ ಪಾಲನ್ನು ಸೊನ್ನೆಗೆ ಇಳಿಸಲು ನಾನು ಪ್ರಯತ್ನಿಸುವುದಿಲ್ಲ. ಸೊನ್ನೆಯೆಂಬುದು ಸುಳ್ಳು, ಅಲ್ಲದೆ ಸೊನ್ನೆ ಪಾಲಿನವನಿಗೆ ನಾಳೆ ಮಾಡಲು ಕೆಲಸವೂ ಇರುವುದಿಲ್ಲ.

ಉಳಿದ ಆ ಪಾಲಿನ ಮೇಲೆಯೇ ಪ್ರಯೋಗ ಕಟ್ಟಿದೆವು. ಗಣಿತದ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಬೇಕು. ಮೊದಲು ಭವಿಷ್ಯ ಬರೆದ: "ಎಲ್ಲರೂ ತಿರುಗಿ ನೋಡಿ ನಗುತ್ತಾರೆ. ನಂಬಿಕೆ ನೂರಕ್ಕೆ 90." ಪಕ್ಕದ ಖಾನೆ ಖಾಲಿ, ನಡೆದದ್ದನ್ನು ಬರೆಯಲು. ಮೊದಲ ವಾರ ಕೈ ಕಿವಿಯವರೆಗೆ ಏರಿ, ಅಲ್ಲಿಂದ ದಾರಿ ಬದಲಿಸಿ ತಲೆ ಕೆರೆದುಕೊಂಡಿತು. ಅವನು ಅದನ್ನು ಸೋಲೆಂದು ತಂದ. ನಾನು ಅದನ್ನೂ ಖಾನೆಯಲ್ಲಿ ಬರೆಯಿಸಿದೆ, ಅರ್ಧ ಕೈ ಎತ್ತಿದಾಗ ಎಷ್ಟು ಜನ ನೋಡಿದರೆಂದು ಕೇಳಿದೆ. ಯಾರೂ ಇಲ್ಲ. ಕೊನೆಯ ಸಾಲು, ಬಾಯಿಗೆ ಅಡ್ಡ ಕರವಸ್ತ್ರ, ಪ್ರಶ್ನೆಯನ್ನು ಹತ್ತು ಸಲ ಒಳಗೇ ಉರುಹೊಡೆಯುವುದು, ಇವೆಲ್ಲ ಅಂಜಿಕೆ ಕಟ್ಟಿಕೊಂಡ ಬೇಲಿಗಳು. ಬೇಲಿಯೊಳಗಿಂದ ಕೇಳಿದರೆ, ಬೇಲಿ ಇದ್ದುದರಿಂದ ಬದುಕಿದೆ ಎಂದೇ ಮನಸ್ಸು ಲೆಕ್ಕ ಹಾಕುತ್ತದೆ. ಎಲ್ಲವನ್ನೂ ಒಮ್ಮೆಗೇ ಕೀಳಲಿಲ್ಲ, ಮೂರನೆಯ ಸಾಲಿನಲ್ಲಿ ಕೂಡಬೇಕೆಂಬ ಒಂದನ್ನು ಮಾತ್ರ ಗೊತ್ತು ಮಾಡಿದೆವು.

ಎರಡನೆಯ ವಾರ ಕೇಳಿದ. ಪಾಠ ಮಾಡುವವರಿಗೆ ಕೇಳಿಸಲಿಲ್ಲ, "ಏನು? ಜೋರಾಗಿ ಹೇಳು" ಎಂದರು. ಎರಡನೆಯ ಸಲ ಹೇಳುವಾಗ ಕಾಲು ನಡುಗುತ್ತಿದ್ದುದನ್ನು ಅವನು ನನ್ನೆದುರು ನಿಂತು ತೋರಿಸಿದ. ಇನ್ನೂರು ಮಂದಿಯ ತರಗತಿಯಲ್ಲಿ ತಿರುಗಿ ನೋಡಿದವರನ್ನು ಎಣಿಸಿಕೊಂಡು ಬರಲು ಹೇಳಿದ್ದೆ: ಹನ್ನೊಂದು. ನಕ್ಕವನು ಒಬ್ಬ. ಆ ಒಬ್ಬನ ಕತೆ ಏನಾಯಿತೆಂದು ಕೇಳಿದೆ. "ನಕ್ಕ. ಆಮ್ಯಾಲೆ ಸರ್ ಉತ್ತರ ಹೇಳೂ ಮುಂದ ಅಂವನೂ ಬರಕೊಂಡ" ಎಂದವನು ತಾನೇ ನಗತೊಡಗಿದ. ನಂಬಿಕೆಯ ಅಂಕಿ 40ಕ್ಕೆ ಇಳಿದಿತ್ತು. ನಾನು ಅಂದು ಒಂದೂ ಹೊಗಳಿಕೆಯ ಮಾತು ಆಡಲಿಲ್ಲ, ಆಡಬೇಕೆನ್ನಿಸಿದರೂ ತಡೆದುಕೊಂಡೆ. ಹನ್ನೊಂದು ಎಂಬುದು ಅವನು ಎಣಿಸಿ ತಂದ ಸಂಖ್ಯೆ. ನನ್ನ "ಶಾಭಾಸ್" ಅದರ ಪಕ್ಕದಲ್ಲಿ ನಿಂತಿದ್ದರೆ ಅದೂ ಮೇಡಂ ಕೊಟ್ಟದ್ದೆಂಬಂತೆ ಆಗಿಬಿಡುತ್ತಿತ್ತು.

ಎಲ್ಲ ಉಪಾಯಗಳೂ ಅವನಿಗೆ ಒಗ್ಗಲಿಲ್ಲ. ತನಗೆ ತಾನೇ ಕರುಣೆಯ ಪತ್ರ ಬರೆದುಕೊಳ್ಳುವ ಅಭ್ಯಾಸ ಕೊಟ್ಟಾಗ ನಾಟಕವೆನ್ನಿಸುತ್ತದೆಂದು ನೇರವಾಗಿ ಹೇಳಿದ, ಕೈಬಿಟ್ಟೆ. "ನಿನ್ನ ರೂಮ್‌ಮೇಟ್‌ಗೂ ಇದೇ ಪಟ್ಟಿ ಬಂದರೆ ಅವನಿಗೆ ರೊಕ್ಕ ಹಾಳು ಮಾಡಾಂವ ಅಂತೀಯಾ?" ಎಂಬ ಒಂದೇ ಪ್ರಶ್ನೆ ಅದೇ ಕೆಲಸವನ್ನು ಮಾಡಿತು. ಕನ್ನಡಿಯ ಮುಂದೆ ನಿಂತು "ನಾನು ಸಮರ್ಥ, ನಾನು ಗೆಲ್ಲುವವನು" ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುವ ಪದ್ಧತಿಯನ್ನು ಅವನು ಯಾವುದೋ ಶಿಬಿರದಲ್ಲಿ ಕಲಿತು, ಬಿಟ್ಟು, ಬಿಟ್ಟಿದ್ದಕ್ಕೂ ತನ್ನನ್ನೇ ಬೈದುಕೊಂಡಿದ್ದ. ಅದು ಅವನ ತಪ್ಪಲ್ಲ. ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆತ್ಮಗೌರವ ಮೊದಲೇ ಕಡಿಮೆಯಿದ್ದವರು ಇಂಥ ಒಳ್ಳೆಯ ಮಾತನ್ನು ಪುನಃ ಪುನಃ ಹೇಳಿಕೊಂಡಾಗ ಅವರ ಮನಃಸ್ಥಿತಿ ಮತ್ತಷ್ಟು ಕುಗ್ಗಿದ್ದು ಕಂಡುಬಂತು. ಬಾಯಿ ಒಂದು ಹೇಳಿದರೆ ಒಳಗಿನ ತೀರ್ಪು ಎದ್ದು ನಿಂತು ಅದಕ್ಕೆ ಹತ್ತು ಉತ್ತರ ಕೊಡುತ್ತದೆ. ನನ್ನ ಬಿ.ಎಡ್. ಹುಡುಗಿಗೆ ಆದದ್ದೂ ಇದೇ, ವ್ಯತ್ಯಾಸವೆಂದರೆ ಅಲ್ಲಿ ಕನ್ನಡಿಯ ಕೆಲಸವನ್ನು ನಾನು ಮಾಡುತ್ತಿದ್ದೆ.

ಎರಡನೆಯವರು ಹುಬ್ಬಳ್ಳಿಯ ಗೃಹಿಣಿ, ವಯಸ್ಸು 43, ಬಿ.ಕಾಂ. ಓದಿದವರು. ಮನೆಯಲ್ಲಿ ಇಪ್ಪತ್ತು ವರ್ಷ ಕೇಳಿದ ಮಾತು "ನಿನಗೇನ ತಿಳೀತದ, ಸುಮ್ನಿರು." ಮೊದಲ ಭೇಟಿಯ 50 ನಿಮಿಷಗಳಲ್ಲಿ "ತಪ್ಪು ತಿಳಕೋಬ್ಯಾಡ್ರಿ" ಎಂದು ಅವರು 19 ಸಲ ಹೇಳಿದ್ದನ್ನು ನಾನು ಅಂಚಿನಲ್ಲಿ ಗೀಟು ಹಾಕಿ ಎಣಿಸಿಕೊಂಡಿದ್ದೆ; ಅದನ್ನು ಅವರಿಗೆ ತೋರಿಸಿದ್ದು ನಾಲ್ಕನೆಯ ಭೇಟಿಯಲ್ಲಿ, ನಮ್ಮ ನಡುವೆ ಸಲುಗೆ ಬೆಳೆದ ಮೇಲೆ. ಕ್ರಿಸ್ಟಿನ್ ಪ್ಯಾಡೆಸ್ಕಿ ಎಂಬ ಚಿಕಿತ್ಸಕಿ ಇಂಥ ತೀರ್ಪನ್ನು ತನ್ನ ವಿರುದ್ಧ ತಾನೇ ಇಟ್ಟುಕೊಂಡ ಪೂರ್ವಗ್ರಹಕ್ಕೆ ಹೋಲಿಸುತ್ತಾರೆ. ನಾನು ಅದನ್ನು ಅತ್ತೆ ಸೊಸೆಯ ಮೂಲಕ ಕೇಳಿದೆ. ಸೊಸೆ ದಡ್ಡಳೆಂದು ನಿರ್ಧರಿಸಿಕೊಂಡ ಅತ್ತೆಯ ಮುಂದೆ ಹೋಳಿಗೆ ಚೆನ್ನಾಗಿ ಆದರೆ ಅತ್ತೆ ಏನನ್ನುತ್ತಾಳೆ? "ಹಿಟ್ಟು ಛಲೋ ಇತ್ತು ಅಂತಾಳ್ರಿ." ಹರಿದರೆ? "ನಾ ಮೊದ್ಲs ಹೇಳಿದ್ನಲ್ಲ ಅಂತಾಳ." ನೀವು ನಿಮ್ಮ ಬಗ್ಗೆ ಎಂಥ ಅತ್ತೆ ಎಂದು ಕೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅತ್ತೆ ಲೆಕ್ಕಕ್ಕೆ ತೆಗೆದುಕೊಳ್ಳದ್ದನ್ನೆಲ್ಲ ಬರೆದಿಡಲು ಒಂದು ಪುಸ್ತಕ ಬೇಕಿತ್ತು. ಹೊಸ ನೋಟ್‌ಬುಕ್ ತಂದರೆ ಮನೆಯಲ್ಲಿ ಏನೆಂದು ಕೇಳುತ್ತಾರೆಂದು, ಹಾಲಿನ ಲೆಕ್ಕದ ಪುಸ್ತಕವನ್ನೇ ಹಿಂದಿನಿಂದ ಬರೆಯಲು ಆರಂಭಿಸಿದರು. ನಿಯಮ ಎರಡೇ: ಗುಣವಾಚಕ ಇರಬಾರದು, "ಆದರೆ" ಇರಬಾರದು. ನಡೆದದ್ದು ಮಾತ್ರ. ಮೊದಲ ಎರಡು ವಾರ ಪುಟ ಖಾಲಿ ಇತ್ತು, ಬರೆಯುವಂಥದ್ದು ಏನೂ ಆಗಲಿಲ್ಲವೆಂದರು. ಮೂರನೆಯ ವಾರ ತಂದ ಪುಟ ನನಗೆ ಬಾಯಿಪಾಠವಾಗಿದೆ: "ಮಂಗಳವಾರ. ಸಿಲಿಂಡರ್ ತಂದವನು 40 ರೂಪಾಯಿ ಹೆಚ್ಚು ಕೇಳಿದ. ರಸೀದಿ ಕೊಡು ಎಂದೆ. ರಸೀದಿ ಕೊಡಲಿಲ್ಲ, 40 ರೂಪಾಯಿಯನ್ನೂ ಮತ್ತೆ ಕೇಳಲಿಲ್ಲ." ಅದರ ಕೆಳಗೆ "ಆದರೆ" ಎಂದು ಬರೆದು, ಕಾಟು ಹಾಕಿದ ಗುರುತಿತ್ತು. ನಂತರದ ವಾರಗಳಲ್ಲಿ ಬ್ಯಾಂಕಿನ ಚಲನ್, ಮಗನ ಕಾಲೇಜಿನ ಅರ್ಜಿ, ಕುಕ್ಕರಿನ ಗ್ಯಾಸ್ಕೆಟ್ ತಾವೇ ಬದಲಿಸಿದ್ದು ಸೇರಿದವು. ಒಂದರೊಡನೊಂದು ಕೂಡಿದಾಗ, "ನಿನಗೇನ ತಿಳೀತದ" ಎಂಬ ಪ್ರಶ್ನೆಗೆ ಹಾಲಿನ ಪುಸ್ತಕ ಹಿಂದಿನಿಂದ ಉತ್ತರ ಬರೆಯುತ್ತ ಬಂದಂತಾಯಿತು.

ಇಷ್ಟಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಅವಮಾನಿಸುವ ಬಾಯಿ ಮನೆಯಲ್ಲಿ ಇನ್ನೂ ಇದೆ. ಅವಮಾನವನ್ನು ನಗುತ್ತ ನುಂಗುವಷ್ಟು ಗಟ್ಟಿ ಮಾಡುವುದನ್ನು ನಾನು ಸಮಾಲೋಚನೆ ಎನ್ನುವುದಿಲ್ಲ. ಹಿಂಸೆ ಇರುವ ಮನೆಯಾದರೆ ದಾರಿಯೇ ಬೇರೆ, ಅಲ್ಲಿ ಸುರಕ್ಷತೆ ಮತ್ತು ಕಾನೂನು ಮೊದಲು. ಇಲ್ಲಿ ಹಾಗಿರಲಿಲ್ಲ. ಗಂಡನನ್ನು ಒಮ್ಮೆ ಕರೆಸಿದೆ. ಅರ್ಧ ಗಂಟೆ ಮೊಬೈಲ್ ನೋಡುತ್ತ ಕುಳಿತು, "ನಾ ಚ್ಯಾಷ್ಟಿಗೆ ಅಂತೀನ್ರಿ" ಎಂದರು. ಹೆಂಡತಿ ಅಂದು ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತನ್ನು, ಧ್ವನಿ ಏರಿಸದೆ, "ತಪ್ಪು ತಿಳಕೋಬ್ಯಾಡ್ರಿ" ಸೇರಿಸದೆ ಹೇಳಿದರು: "ನಿಮಗ ಚ್ಯಾಷ್ಟಿ ಇರಬಹುದು. ನನಗ ಅಲ್ಲ. ಮಕ್ಕಳ ಮುಂದ ಅನಬ್ಯಾಡ್ರಿ." ಆತ ಮೊಬೈಲ್ ಕೆಳಗಿಟ್ಟರು. ಪೂರ್ತಿ ಬದಲಾದರೆಂದು ಹೇಳಲಾರೆ. ಮಕ್ಕಳ ಮುಂದೆ ಅನ್ನುವುದನ್ನು ಬಿಟ್ಟಿದ್ದಾರೆಂದು ಹೆಂಡತಿ ಹೇಳಿದರು.

ನನ್ನಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಭೇಟಿಗಳಾಗುತ್ತವೆ, ವಾರಕ್ಕೊಂದು. ಕೊನೆಯ ಮೂರನ್ನು ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಎಂದು ಹಿಗ್ಗಿಸುತ್ತೇನೆ, ನಾನಿಲ್ಲದ ವಾರಗಳ ರೂಢಿಯೂ ಆಗಬೇಕು. ಕೊನೆಯ ಭೇಟಿಯಲ್ಲಿ, ಹಳೆಯ ತೀರ್ಪು ಯಾವ ದಿನ ಮತ್ತೆ ಬಾಗಿಲು ತಟ್ಟೀತು ಎಂಬುದನ್ನು ಅವರಿಂದಲೇ ಬರೆಯಿಸುತ್ತೇನೆ, ಏಕೆಂದರೆ ಅದು ತಟ್ಟೇ ತಟ್ಟುತ್ತದೆ. ಸವಣೂರಿನ ಹುಡುಗ ಬರೆದದ್ದು "ಫಲಿತಾಂಶದ ದಿನ, ಸಂಜೆ, ಅಪ್ಪನ ಫೋನ್ ಬಂದಾಗ" ಎಂದು. ಅದರ ಕೆಳಗೆ ಮಾಡಬೇಕಾದ ಎರಡು ಕೆಲಸಗಳನ್ನು ಬರೆದು, ಕಾಗದವನ್ನು ಮಡಚಿ ಪಾಕೀಟಿನಲ್ಲಿ ಇಟ್ಟುಕೊಂಡ. ಮೊದಲನೆಯದು ಫೋನ್ ಎತ್ತುವುದು.

ಹೋದ ವರ್ಷ ಒಂದು ಸಂಜೆ ಅವನ ಕರೆ ಬಂತು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಯ ಪಟ್ಟಿಯಲ್ಲಿ ಹೆಸರು ಬಂದಿರಲಿಲ್ಲ. ಧ್ವನಿ ಕುಗ್ಗಿತ್ತು, ನಾನು ಮರುದಿನದ ಸಮಯ ನೋಡಲು ಡೈರಿ ತೆಗೆಯುತ್ತಿದ್ದೆ. ಅಷ್ಟರಲ್ಲಿ ಅವನೇ ಹೇಳಿದ: "ಬರೂದು ಬ್ಯಾಡ್ರಿ ಮೇಡಂ, ಸುಮ್ನ ಹೇಳಬೇಕು ಅನಿಸ್ತು. ಅಪ್ಪನ ಫೋನ್ ಎತ್ತೀನಿ. ರೊಟ್ಟಿನೂ ಹಂಚೀನಿ. ಈ ಸಲ ನನ್ನ ಪಾಲು ಅರ್ಧ ಐತ್ರಿ, ಇಂಗ್ಲಿಷ್ ಪೇಪರಿಗೆ ನಾ ಓದಿರಲಿಲ್ಲ." ಅರ್ಧ ಜಾಸ್ತಿ ಆಯಿತೇನೋ ಎಂದೆ. "ಇಲ್ರಿ, ಬರೋಬ್ಬರಿ ಐತಿ" ಎಂದ.